ಯಾರೂ ಬೇಡವೆನ್ನದ ಕೈ

ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಎರಡನೆಯ ಸಾಲಿನಲ್ಲಿ ನಿಂತ ಜಿಲಾನಿಸಾಬನ ಕಣ್ಣು ಎಂದಿನಂತೆ ಮುಂದಿನ ಸಾಲಿನ ಕತ್ತುಗಳ ಮೇಲೆ ಹೋಯಿತು. ಹೋಗಬಾರದೆಂಬುದು ಅವನಿಗೆ ಗೊತ್ತಿತ್ತು. ದೃಷ್ಟಿ ಹಣೆ ಊರುವ ಜಾಗದಲ್ಲಿ ನಿಲ್ಲಬೇಕೆಂದು ಚಿಕ್ಕಂದಿನಲ್ಲಿ ಅಪ್ಪ ಅವನ ನೆತ್ತಿಗೆ ಮೊಟಕಿ ಕಲಿಸಿದ್ದ. ಆದರೆ ಮಸ್ಕಿಯ ಹಳೇ ಬಜಾರಿನಲ್ಲಿ ಬದುಕಿಡೀ ಕ್ಷೌರ ಮಾಡಿಕೊಂಡು ಬಂದವನಿಗೆ ಮನುಷ್ಯರು ಮುಖಕ್ಕಿಂತ ಮೊದಲು ಕತ್ತಿನಿಂದಲೇ ಗುರುತು ಸಿಗುತ್ತಿದ್ದರು. ಟೋಪಿಯ ಅಂಚಿನ ಕೆಳಗೆ ಕೂದಲು ಮುಗಿದು ಚರ್ಮ ಆರಂಭವಾಗುವ ಗೆರೆಯನ್ನು ಅವನು ನೆಟ್ಟಗೆ ಎಳೆಯುತ್ತಿರಲಿಲ್ಲ. ಎರಡೂ ಬದಿಗೆ ತುಸು ಬಾಗಿಸಿ, ಹರಿಗೋಲಿನ ತಳದ ಹಾಗೆ ಇಳಿಸುತ್ತಿದ್ದ. ಎಷ್ಟೋ ಶುಕ್ರವಾರ ಆ ಸಾಲನ್ನು ನೋಡುತ್ತ, ಎಲ್ಲರೂ ಒಟ್ಟಿಗೆ ಬಾಗಿದಾಗ ತನ್ನ ವಾರದ ದುಡಿಮೆಯೇ ದೇವರ ಮುಂದೆ ಬಾಗಿತೆಂಬ ಸಣ್ಣ ಜಂಬ ಅವನೊಳಗೆ ಎದ್ದದ್ದುಂಟು. ಎದ್ದೊಡನೆ ಅದನ್ನು ಒತ್ತಿಹಾಕಿ ಕ್ಷಮೆ ಕೇಳಿದ್ದೂ ಉಂಟು. ಇಂದು ಆ ಗೆರೆಗಳಲ್ಲಿ ಏನೋ ಬೇರೆಯಿತ್ತು. ತನ್ನ ಬಾಗು ಅಲ್ಲಿತ್ತು, ನಿಜ. ಆದರೆ ಅದರ ಮೇಲೆ ಇನ್ನೊಂದು ಕೈ ಓಡಾಡಿತ್ತು. ಬಲಕ್ಕೆ ಜೋಲಿ ಹೊಡೆದಿದ್ದ ಅಂಚನ್ನು ಯಾರೋ ತಿದ್ದಿದ್ದರು. ಒಂದು ಕತ್ತಿನಲ್ಲಿ ಅಲ್ಲ, ಸಾಲಿನ ಉದ್ದಕ್ಕೂ. ಎಡಗಿವಿಯ ಹಿಂದೆ, ತಿದ್ದಿದ ಗೆರೆ ಮುಗಿಯುವಲ್ಲಿ, ಕತ್ತಿಯನ್ನು ಮೇಲಕ್ಕೆ ಸಣ್ಣಗೆ ಎತ್ತಿ ಬಿಟ್ಟ ಗುರುತಿತ್ತು. ಆ ಎತ್ತುವಿಕೆಯನ್ನು ಅವನು ಅಪ್ಪನಿಂದ ಕಲಿತಿದ್ದ. ಕಲಿಸಿದ್ದು ಒಬ್ಬನಿಗೆ ಮಾತ್ರ, ಮಗ ಅಮ್ಜದನಿಗೆ.

ಎಲ್ಲರೂ ಬಾಗಿದರು. ಅವನು ತಡವಾಗಿ ಬಾಗಿದ. ಪಕ್ಕದಲ್ಲಿದ್ದ ಮುದುಕ ಮಕ್ತುಮ್‌ಸಾಬನ ಕಿವಿಯ ಹಾಲೆಯಲ್ಲಿ ಒಣಗಿದ ರಕ್ತದ ಚುಕ್ಕೆ ಕಣ್ಣ ಅಂಚಿಗೆ ಬಿತ್ತು. ಮೊನ್ನೆ ಅಂಗಡಿಯಲ್ಲಿ ಆ ಹಾಲೆಗೆ ಕತ್ತರಿಯ ತುದಿ ತಾಗಿ ರಕ್ತ ಇಳಿದಾಗ, ಮಕ್ತುಮ್‌ಸಾಬ ಕನ್ನಡಿಯಲ್ಲಿ ಅದನ್ನು ಕಂಡೂ, ಮಳೆಗಾಲದ ಸೊಳ್ಳೆಗಳು ಈ ಸಲ ಬಹಳ ಕೆಟ್ಟವು ಎಂದು ಹೇಳಿ ಕಿವಿ ಉಜ್ಜಿಕೊಂಡಿದ್ದ. ಆಗ ಜಿಲಾನಿಸಾಬ ಹೌದು ಎಂದಿದ್ದ. ಇಬ್ಬರೂ ಸೊಳ್ಳೆಯ ವಿಷಯವನ್ನೇ ಸ್ವಲ್ಪ ಹೊತ್ತು ಮಾತಾಡಿದ್ದರು. ಆ ಮಾತಿನಲ್ಲಿ ತನಗೆ ದೊರೆತ ನೆಮ್ಮದಿಯನ್ನು ನೆನೆದು ಈಗ, ಹಣೆ ಜಮಖಾನೆಯ ಮೇಲಿರುವಾಗಲೇ, ಅವನ ಮೈ ಬಿಸಿಯಾಯಿತು.

ಕೈ ಯಾವಾಗ ನಡುಗಲಾರಂಭಿಸಿತೆಂದು ಕೇಳಿದರೆ ಅವನು ನಿಖರವಾಗಿ ಹೇಳಲಾರ. ಬಲಗೈ ಮಾತ್ರ, ಅದೂ ಏನನ್ನಾದರೂ ಹಿಡಿದಾಗ. ಮೊದಮೊದಲು ಅದು ನಡುಕವೂ ಆಗಿರಲಿಲ್ಲ. ಹಲ್ಲಿ ಗೋಡೆಯ ಮೇಲೆ ಸರಿದಂತೆ ಚರ್ಮದ ಒಳಗೆ ಏನೋ ಸರಿಯುವುದು. ಒಬ್ಬನೇ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ವೈದ್ಯರಿಗೆ ತೋರಿಸಿದ್ದ. ಮನೆಯಲ್ಲಿ ಹೊಸ ಕತ್ತರಿ ತರಲು ಹೋಗುತ್ತೇನೆ ಎಂದಿದ್ದ. ವೈದ್ಯರು ಹಾಳೆ ಕೊಟ್ಟು ಸುರುಳಿ ಬರೆಯಿರಿ ಎಂದಾಗ, ಅಕ್ಷರ ಬಾರದವನನ್ನು ಶಾಲೆಗೆ ನೂಕಿದ ಹಾಗೆ ನಾಚಿ, ಎಡಗೈಯಿಂದ ಬರೆಯಲೇ ಎಂದು ಕೇಳಿದ್ದ. ಗುಳಿಗೆ ತೆಗೆದುಕೊಂಡರೆ ತಗ್ಗುತ್ತದೆ, ಹೋಗುವುದಿಲ್ಲ ಎಂದರು. ಕೆಲಸ ಏನೆಂದು ಕೇಳಿದರು. ಅವನು ಹೇಳಿದ. ವೈದ್ಯರು ಪೆನ್ನನ್ನು ಕೆಳಗಿಟ್ಟು ಸುಮ್ಮನಾದರು. ಆ ಸುಮ್ಮನಿರುವಿಕೆಯೇ ಅವನಿಗೆ ದೊರೆತ ಕೊನೆಯ ಪ್ರಾಮಾಣಿಕ ಮಾತು. ಮಸ್ಕಿಗೆ ಮರಳಿದ ಮೇಲೆ ಮಾತಿಗೆ ಬರವಿರಲಿಲ್ಲ. ಹೆಂಡತಿ ಲಾಲ್‌ಬೀ ಹೊಸ ಕತ್ತರಿ ಎಲ್ಲಿ ಎಂದು ಕೇಳಲಿಲ್ಲ. ಆದರೆ ಆ ಸಂಜೆಯಿಂದ ಅವಳು ಅವನಿಗೆ ಕಪ್‌-ಬಸಿಯಲ್ಲಿ ಚಹಾ ಕೊಡುವುದನ್ನು ಬಿಟ್ಟು ಎತ್ತರದ ಸ್ಟೀಲ್ ಲೋಟದಲ್ಲಿ ಅರ್ಧಕ್ಕೆ ಹಾಕಿ ಕೊಡತೊಡಗಿದಳು. ಹಾಲು ಕಡಿಮೆ ಬರುತ್ತಿರಬೇಕೆಂದು ಅವನು ಬಹಳ ದಿನ ನಂಬಿದ್ದ.

ನಮಾಜು ಮುಗಿಸಿ ಅಂಗಡಿಯ ಬಾಗಿಲು ತೆರೆದಾಗ ಜಂಬಣ್ಣ ಆಗಲೇ ಕಟ್ಟೆಯ ಮೇಲೆ ಕುಳಿತಿದ್ದ. ಎದುರು ಸಾಲಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಜಂಬಣ್ಣ ಅವನ ವಾರಿಗೆಯವನು. ಇಬ್ಬರ ಗಡ್ಡವೂ ಒಂದೇ ಬೇಸಿಗೆಯಲ್ಲಿ ಮೂಡಿತ್ತು. ಜಂಬಣ್ಣನ ಮನೆಯ ಎಲ್ಲ ಮಕ್ಕಳ ಜವಳ ತೆಗೆದವನು ಜಿಲಾನಿಸಾಬನೇ. ಅವನ ಕೈಯಲ್ಲಿ ಹುಟ್ಟುಗೂದಲು ತೆಗೆಸಿಕೊಂಡ ಕೂಸು ಅಳುವುದಿಲ್ಲವೆಂದು ಈ ಸೀಮೆಯಲ್ಲಿ ಹೇಳುತ್ತಾರೆ. ಕತ್ತಿ ಇಡುವ ಮೊದಲು ಅವನು ಕೂಸಿನ ಕಿವಿಯಲ್ಲಿ ಏನೋ ಉಸುರುತ್ತಾನೆ ಎಂಬುದು ಲಿಂಗಸುಗೂರಿನವರ ಹೇಳಿಕೆ. ಹಟ್ಟಿಯ ಗಣಿ ಕಾಲೊನಿಯವರು, ಅವನ ಕತ್ತಿಯ ಹಿಡಿಯಲ್ಲಿ ಪೀರರ ಗುಡ್ಡದ ಮಣ್ಣಿದೆ ಎನ್ನುತ್ತಾರೆ. ಉಸುರುವುದೂ ಇಲ್ಲ, ಮಣ್ಣೂ ಇಲ್ಲ. ಎಡ ಅಂಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕೂಸಿನ ತಲೆಯ ಮೇಲೆ ಇಟ್ಟುಕೊಂಡು, ಅದರ ಉಸಿರು ನಿಧಾನವಾಗುವವರೆಗೂ ಅವನು ಕಾಯುತ್ತಾನೆ. ಅಷ್ಟೆ. ಕಾಯುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಜಂಬಣ್ಣ ಕುರ್ಚಿಯಲ್ಲಿ ಕುಳಿತು ತಾನಾಗಿ ಬಟ್ಟೆ ಸುತ್ತಿಕೊಂಡ. ಇತ್ತೀಚೆಗೆ ಎಲ್ಲರೂ ತಾವೇ ಸುತ್ತಿಕೊಳ್ಳುತ್ತಿದ್ದರು. ಕತ್ತಿನ ಹಿಂದೆ ಗಂಟು ಹಾಕಲು ಜಿಲಾನಿಸಾಬ ಒದ್ದಾಡಬೇಕಾಗಿರಲಿಲ್ಲ. ಅದನ್ನೂ ಅವನು ಇಂದೇ ಗಮನಿಸಿದ. ಜಿಲಾನಿಸಾಬನ ಮಗಳು ಅಂಜುಮ್ ಹೆರಿಗೆಗೆ ಬಂದು ಗಂಡು ಹೆತ್ತಿದ್ದಳು. ಹುಟ್ಟುಗೂದಲು ತೆಗೆಸುವ ಅಖೀಖಾ ಭಾನುವಾರವೆಂದು ಗೊತ್ತಾಗಿತ್ತು, ಬೀಗರು ಲಿಂಗಸುಗೂರಿನಿಂದ ಬರುವವರಿದ್ದರು. ಜಂಬಣ್ಣ ಆ ಮಾತನ್ನೇ ಎತ್ತಿದ.

"ಅಜ್ಜ ಆದಿ ಜಿಲಾನಿ. ಐತವಾರ ಮೊಮ್ಮಗನ ತಲಿ ನೀನ ಬೋಳಿಸ್ತಿ, ಹೌದಿಲ್ಲೋ?"

ಜಿಲಾನಿಸಾಬನ ಕತ್ತರಿ ಗಾಳಿಯಲ್ಲಿ ನಿಂತಿತು. ಇದೇ ಹೊತ್ತೆಂದು ಅವನಿಗೆ ಅನ್ನಿಸಿತು. "ಕೈ ಯಾಕೋ ಸರಿ ಇಲ್ಲ ಜಂಬಣ್ಣ," ಎಂದ.

"ನಿನ್ನ ಕೈಗೇನಾಗೇತಿ? ಕಬ್ಬಿಣ ಇದ್ದಂಗ ಐತಿ. ನನ್ನ ತಲಿಯಾಗ ಕೂದಲಾನ ಇಲ್ಲ, ಇಲ್ಲದ ಕೂದಲ ಕತ್ತರಿಸಿ ಇಷ್ಟು ವರ್ಷ ನನ್ನ ಗಂಡಸಿನಂಗ ಅಡ್ಡಾಡಿಸಿದಿ. ಸುಮ್ಮ ಮಾಡಲೇ ನಿನ್ನ ಕೆಲಸ."

ಕನ್ನಡಿಯಲ್ಲಿ ಜಂಬಣ್ಣ ನಕ್ಕ. ನಗುವ ಮೊದಲು ಒಂದು ಕ್ಷಣ ಅವನ ಕಣ್ಣು ಕೆಳಗಿಳಿದು ಹೋಗಿ ಮತ್ತೆ ಮೇಲೆ ಬಂದಿತ್ತು. ಜಿಲಾನಿಸಾಬ ಕೆಲಸ ಮುಂದುವರಿಸಿದ. ಗಲ್ಲದ ಕೆಳಗೆ ಕತ್ತಿ ಸರಿಯುವಾಗ ಜಂಬಣ್ಣನ ಗಂಟಲಮಣಿ ಮೇಲೆ ಕೆಳಗೆ ಆಡುವುದನ್ನು ನಿಲ್ಲಿಸಿತ್ತು. ಉಸಿರು ಹಿಡಿದಿದ್ದಾನೆ. ಹಿಂದೆ ಇದೇ ಕುರ್ಚಿಯಲ್ಲಿ ಇದೇ ಮನುಷ್ಯ, ಕತ್ತಿ ಗಂಟಲ ಮೇಲಿರುವಾಗಲೇ ಮಗಳ ಗಂಡನನ್ನು ಬೈಯುತ್ತ, ಹೊರಗಿನವರೊಂದಿಗೆ ಜಗಳ ಆಡುತ್ತ, ಕೊನೆಗೆ ಗೊರಕೆ ಹೊಡೆಯುತ್ತಿದ್ದ. ಎಡಗಿವಿಯ ಕೆಳಗೆ ಕೆಂಪು ಹನಿಯೊಂದು ನೊರೆಯಲ್ಲಿ ಅರಳಿತು. ಇಬ್ಬರೂ ಅದನ್ನು ನೋಡಲಿಲ್ಲ. ಜಂಬಣ್ಣ ತಾನೇ ಪಟಿಕದ ಕಲ್ಲನ್ನು ಎತ್ತಿಕೊಂಡು, ಮುಖಕ್ಕೆ ತಂಪೆಂದು ಹೇಳಿ ಒತ್ತಿಕೊಂಡು, ಗ್ಯಾಸ್ ಸಿಲಿಂಡರಿಗೆ ಹೇಳಿ ಬರಬೇಕೆಂದು ಸಿಂಧನೂರು ರಸ್ತೆಯ ಕಡೆ ನಡೆದ. ಅಮ್ಜದನ ಅಂಗಡಿ ಇದ್ದದ್ದು ಸಿಂಧನೂರು ರಸ್ತೆಯಲ್ಲಿ.

ಹಿಂಬಾಲಿಸಿ ಹೋಗಬಾರದಿತ್ತು. ಹಾಗೆ ಅಂದುಕೊಳ್ಳುತ್ತಲೇ ಅವನು ಹೋದ. ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತರೆ ರಸ್ತೆಯಾಚೆ ಮಗನ ಅಂಗಡಿಯ ಗಾಜು ಕಾಣಿಸುತ್ತಿತ್ತು. ತಿರುಗುವ ಕುರ್ಚಿಯಲ್ಲಿ ಜಂಬಣ್ಣ ತಲೆ ತಗ್ಗಿಸಿ ಕುಳಿತಿದ್ದ. ಅಮ್ಜದ್ ಅವನ ಹಿಂದೆ ಬಾಗಿ ಕತ್ತಿನ ಗೆರೆಯನ್ನು ತಿದ್ದುತ್ತಿದ್ದ. ಅವರು ನಗುತ್ತಿದ್ದರೆ ಚೆನ್ನಾಗಿತ್ತು. ನಕ್ಕಿದ್ದರೆ ಒಳಗೆ ನುಗ್ಗಿ, ಗೆಳೆಯನ ಮೈಮೇಲಿನ ಬಟ್ಟೆ ಕಿತ್ತೆಸೆದು, ಮಗನ ಕೆನ್ನೆಗೆ ಬಾರಿಸಿ, ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವರು ನಗುತ್ತಿರಲಿಲ್ಲ. ಮಾತನ್ನೂ ಆಡುತ್ತಿರಲಿಲ್ಲ. ಸತ್ತ ಮನೆಯಲ್ಲಿ ಕೆಲಸ ಮಾಡುವವರ ಎಚ್ಚರ ಅವರ ಮೈಯಲ್ಲಿತ್ತು. ಅಮ್ಜದ್ ಕಿವಿಯ ಕೆಳಗಿನ ಗಾಯದ ಸುತ್ತ, ಅದು ಇನ್ನೂ ಸ್ವಲ್ಪ ಕಾಣುವಂತೆ ಉಳಿಸಿ, ಸುತ್ತಲಿನದನ್ನಷ್ಟೇ ಸರಿಮಾಡಿದ. ನಾಳೆ ಅಪ್ಪ ನೋಡಿದರೆ ಅದು ಅಪ್ಪನದೇ ಕೆಲಸವಾಗಿ ಕಾಣಬೇಕು ಎಂಬ ಜಾಣತನ ಅದು. ಎಷ್ಟು ದಿನದಿಂದ, ಎಷ್ಟು ಜನ, ಈ ರಸ್ತೆಯನ್ನು ಹೀಗೆ ದಾಟಿರಬಹುದು? ಊರೇ ಸೇರಿ ತನ್ನನ್ನು ಹೊತ್ತು ನಡೆಯುತ್ತಿತ್ತು. ಹೊತ್ತವರ ಹೆಗಲ ಮೇಲೆ ಕುಳಿತವನಿಗೆ ಮಾತ್ರ ತಾನು ನಡೆಯುತ್ತಿದ್ದೇನೆಂಬ ಭ್ರಮೆ. ಗಾಡಿಯವನು ಹಾಲು ಕೊಡಲೇ ಎಂದು ಕೇಳಿದ. ಗ್ಲಾಸನ್ನು ಅವನೆದುರು ಹಿಡಿಯಬೇಕಾಗುತ್ತದೆಂದು ನೆನೆದು ಬೇಡವೆಂದ.

ಅವನ ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ ಕಥೆಯೊಂದಿದೆ. ಸಾಲಗುಂದದ ಕಡೆ ಅದನ್ನು ಫಕೀರನ ಕಥೆಯೆಂದೂ ಪಾಮನಕಲ್ಲೂರಿನ ಕಡೆ ಜೋಗಿಯ ಕಥೆಯೆಂದೂ ಹೇಳುತ್ತಾರೆ, ಮೈ ಒಂದೇ. ಬೇವಿನ ಮರದ ಕೆಳಗೆ ಕುಳಿತ ಫಕೀರನೊಬ್ಬ ದಾರಿಹೋಕ ಕ್ಷೌರಿಕನನ್ನು ಕರೆದು ಗಡ್ಡ ತೆಗೆಯಲು ಹೇಳಿದನಂತೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯಲ್ಲಿ ಗಡ್ಡ ಎರಡರಷ್ಟು ಬೆಳೆಯಿತು. ಅದನ್ನು ಮುಗಿಸುವಷ್ಟರಲ್ಲಿ ಇದು ಬೆಳೆಯಿತು. ಸೂರ್ಯ ಮುಳುಗಿದ, ಹುಟ್ಟಿದ. ಕ್ಷೌರಿಕನ ಮಕ್ಕಳು ದೊಡ್ಡವರಾದರು, ಹೆಂಡತಿ ತೀರಿಹೋದಳು, ಅವನ ಗಡ್ಡವೇ ಬಿಳಿಯಾಗಿ ನೆಲ ಮುಟ್ಟಿತು. ಕೊನೆಗೆ ಫಕೀರ, ನೀನು ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದನಂತೆ. ನೀವು ಸಾಕೆನ್ನಲಿಲ್ಲವಲ್ಲ ಎಂದ ಕ್ಷೌರಿಕ. ನಿನಗೆ ಈ ಕೆಲಸ ಅಷ್ಟು ಪ್ರೀತಿಯೆಂದು ನಾನು ಸುಮ್ಮನೆ ಕುಳಿತೆ ಎಂದ ಫಕೀರ. ಸಾಲಗುಂದದವರು ಇಲ್ಲಿಗೆ ಫಕೀರನನ್ನು ಮಾಯ ಮಾಡುತ್ತಾರೆ. ಪಾಮನಕಲ್ಲೂರಿನವರು ಹಾಗೆ ಮಾಡುವುದಿಲ್ಲ. ಆ ಮಾತಾದ ಮೇಲೂ ಇಬ್ಬರೂ ಅಲ್ಲೇ ಕುಳಿತಿದ್ದಾರೆ ಎಂದು ಮುಗಿಸುತ್ತಾರೆ. ಅಪ್ಪ ಎರಡನ್ನೂ ಹೇಳುತ್ತಿದ್ದ, ಗಿರಾಕಿಯ ಮುಖ ನೋಡಿ. ಕೇಳಿದವರು ನಗುತ್ತಿದ್ದರು. ಜಿಲಾನಿಸಾಬನೂ ನಕ್ಕಿದ್ದ.

ಹಾಗಾದರೆ ತಾನೇ ಸಾಕೆನ್ನಬಹುದಲ್ಲ. ಶನಿವಾರವಿಡೀ ಅವನು ಅದನ್ನೇ ತಿರುವಿಹಾಕಿದ. ಎದ್ದು ನಿಂತು, ನನ್ನ ಕೈ ನಡುಗುತ್ತದೆ, ಕೂಸಿನ ತಲೆಯನ್ನು ಅಮ್ಜದನೇ ಬೋಳಿಸಲಿ ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಆದರೆ ಹಾಗೆಂದ ಕ್ಷಣವೇ ಮಕ್ತುಮ್‌ಸಾಬನ ಸೊಳ್ಳೆ, ಜಂಬಣ್ಣನ ಸಿಲಿಂಡರು, ಲಾಲ್‌ಬೀಯ ಅರ್ಧ ಲೋಟ ಎಲ್ಲವೂ ಸುಳ್ಳೆಂದು ಬಯಲಾಗಿ, ಅಷ್ಟು ಮೃದುವಾಗಿ ಸುಳ್ಳಾಡಿದವರೆಲ್ಲ ತನ್ನೆದುರು ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಅವರ ದಯೆಯನ್ನು ಅವರ ಮುಖಕ್ಕೇ ಎಸೆದಂತಾಗುತ್ತದೆ. ಇದು ಅವನು ತನಗೆ ಹೇಳಿಕೊಂಡ ಕಾರಣ. ಅದರ ಅಡಿಯಲ್ಲಿ ಇನ್ನೊಂದಿತ್ತು. ಕತ್ತಿ ಕೆಳಗಿಟ್ಟ ಮರುದಿನ ಆ ಅಂಗಡಿಗೆ ಯಾರು ಬರುತ್ತಾರೆ, ಬಂದರೆ ಯಾರ ಬಳಿಗೆ ಬರುತ್ತಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದರ ಅಡಿಯಲ್ಲಿ, ಹೇಳಲು ನಾಚಿಕೆಯಾಗುವ ಮೂರನೆಯದು: ಆ ತಲೆಯನ್ನು ಬೋಳಿಸುವ ಆಸೆ. ಊರ ಮಕ್ಕಳ ತಲೆಗಳೆಲ್ಲ ಅದರ ಅಭ್ಯಾಸವೇ ಆಗಿದ್ದವೇನೋ ಎಂಬಂಥ ಆಸೆ. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ಒಮ್ಮೊಮ್ಮೆ ಕೈ ಶಾಂತವಾಗಿರುವುದೂ ಉಂಟು. ಭಾನುವಾರ ಬೆಳಿಗ್ಗೆ ಹಾಗಿದ್ದರೆ?

ಆದುದರಿಂದ ಅವನು ತಾನು ಹೇಳದೆ, ಬೇರೆಯವರಿಂದ ಹೇಳಿಸಲು ನೋಡಿದ. ಊಟಕ್ಕೆ ಕುಳಿತಾಗ ಅಮ್ಜದನಿಗೆ, ಕೂಸಿನ ಕೆಲಸಕ್ಕೆ ಅಜ್ಜನ ಕಾಲದ ಕತ್ತಿಯೇ ಆಗಬೇಕು, ಮಸೆದಿಡು ಎಂದ. ಮನೆಯ ಮಾತು ದಖನಿ. ಕೆಲಸದ ಮಾತನ್ನು ಮಾತ್ರ ಅಪ್ಪ ಮಕ್ಕಳು ಅಂಗಡಿಯ ಕನ್ನಡದಲ್ಲೇ ಆಡುವುದು ರೂಢಿ. ಅಮ್ಜದ್ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಈಗ ಹೇಳುತ್ತಾನೆ ಎಂದು ಜಿಲಾನಿಸಾಬ ಕಾದ.

"ಆತು ಅಬ್ಬಾ," ಎಂದ ಅಮ್ಜದ್.

ಸಂಜೆಯ ಹೊತ್ತಿಗೆ ಕತ್ತಿ ಕೂದಲೆಳೆಯನ್ನು ಸೀಳುವಂತೆ ಮಸೆದಾಗಿತ್ತು. ಮಗ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡಿದವನಲ್ಲ. ಲಾಲ್‌ಬೀಗೆ ಜಿಲಾನಿಸಾಬ, ಕೂಸಿಗೆ ನೋವಾಗಬಾರದು ನೋಡು ಎಂದ. ಅವಳು ಬೆನ್ನು ತಿರುಗಿಸಿಕೊಂಡೇ, ನಿಮ್ಮ ಕೈಯಲ್ಲಿ ಯಾವ ಕೂಸಿಗೆ ನೋವಾಗಿದೆ ಎಂದು ಕೇಳಿದಳು. ಆಮೇಲೆ ಅವನು ಪಂಚೆ ಹುಡುಕುತ್ತ ಪೆಟ್ಟಿಗೆ ತೆರೆದಾಗ, ಭಾನುವಾರಕ್ಕೆಂದು ಮಡಿಸಿಟ್ಟ ಹೊಸ ಟವೆಲ್ಲಿನ ಕೆಳಗೆ ಹತ್ತಿಯ ಉಂಡೆಯೂ ಗಾಯಕ್ಕೆ ಹಚ್ಚುವ ಮುಲಾಮೂ ಇದ್ದವು. ಅವನು ಟವೆಲ್ಲನ್ನು ಮೊದಲಿದ್ದಂತೆ ಮುಚ್ಚಿದ. ಗಾಯವಾಗುತ್ತದೆಂದು ಅವಳಿಗೆ ಗೊತ್ತು. ಗಾಯವಾದ ಮೇಲೆ ಏನು ಮಾಡಬೇಕೆಂದೂ ಯೋಚಿಸಿದ್ದಾಳೆ. ಬೇಡವೆಂಬ ಒಂದು ಮಾತನ್ನು ಆಡುವುದಕ್ಕಿಂತ ಮಗಳ ಕೂಸಿನ ರಕ್ತ ಒರೆಸುವುದು ಅವಳಿಗೆ ಹಗುರವೆನ್ನಿಸಿದೆ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತ ಅವನಿಗೆ, ತನ್ನನ್ನು ಯಾರಾದರೂ ದ್ವೇಷಿಸಿದ್ದರೆ ಆ ಕೂಸು ಬಚಾವಾಗುತ್ತಿತ್ತು ಎನ್ನಿಸಿತು.

ಭಾನುವಾರ ಕೈ ಶಾಂತವಾಗಿರಲಿಲ್ಲ. ಗುಂಡಿ ಹಾಕಿಕೊಳ್ಳುವಾಗಲೇ ಗೊತ್ತಾಯಿತು. ಅಂಗಳದಲ್ಲಿ ಶಾಮಿಯಾನದ ಕೆಳಗೆ ಬೀಗರು ಕುಳಿತಿದ್ದರು. ಅಳಿಯ ಮುಕ್ತಿಯಾರ್ ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದವನು, ಕೆಂಪುಗಣ್ಣಿನಲ್ಲೇ ಎಲ್ಲರಿಗೂ ಕೈಮುಗಿಯುತ್ತಿದ್ದ. ಜಂಬಣ್ಣ ಕೂಸಿಗೆಂದು ಬೆಳ್ಳಿಯಂತೆ ಹೊಳೆಯುವ ಸ್ಟೀಲಿನ ಒಳಲೆ ತಂದು, ಇದರಲ್ಲಿ ಹಾಲು ಕುಡಿದವನಿಗೆ ತನ್ನಂತೆ ಬೋಳುತಲೆ ಬರುವುದಿಲ್ಲ ಎಂದು ನಗಿಸುತ್ತಿದ್ದ. ಹಿಂದಿನಿಂದ ಮಾಂಸ ಬೇಯುವ ವಾಸನೆ. ಅಂಜುಮ್ ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅಮ್ಜದ್ ಅವಳ ಹಿಂದೆ ಕೈಕಟ್ಟಿ ನಿಂತಿದ್ದ. ಬೀಗಿತ್ತಿ, ಈ ಕೈಯ ಹೆಸರು ಕೇಳಿಯೇ ಲಿಂಗಸುಗೂರಿನಲ್ಲಿ ಮಾಡಬೇಕಾದ್ದನ್ನು ಇಲ್ಲಿ ಮಾಡಲು ಒಪ್ಪಿದೆವು ಎಂದರು. ಜಿಲಾನಿಸಾಬ ಎಡ ಅಂಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕೂಸಿನ ತಲೆಯ ಮೇಲಿಟ್ಟ. ನೆತ್ತಿಯ ಮೆತ್ತನೆಯ ಜಾಗ, ಎಲುಬು ಇನ್ನೂ ಕೂಡಿಕೊಳ್ಳದ ಕಡೆ, ಅಂಗೈಯ ಕೆಳಗೆ ಬಡಿದುಕೊಳ್ಳುತ್ತಿತ್ತು. ಕೂಸು ಒಮ್ಮೆ ಮುಖ ಗಂಟುಹಾಕಿ ಸಡಿಲಿಸಿತು. ಅದರ ಉಸಿರು ನಿಧಾನವಾಯಿತು. ಅವನು ಕೈ ತೆಗೆಯಲಿಲ್ಲ. ಎಂದಿಗಿಂತ ಹೆಚ್ಚು ಹೊತ್ತು ಕಾದ. ಮತ್ತೆ ನೀರು ಹಚ್ಚಿದ, ಕೂದಲು ತೊಯ್ದು ತಲೆಗೆ ಅಂಟಿಕೊಂಡ ಮೇಲೂ ಹಚ್ಚಿದ. ನೀರು ಆರುತ್ತ ಬಂತು. ಯಾರಾದರೂ ಕೆಮ್ಮಿದರೂ ಸಾಕಿತ್ತು. ಅಂಗಳದಲ್ಲಿ ಮಾತು ನಿಂತು, ಎಲ್ಲರ ಮುಖದ ಮೇಲೂ ಒಂದೇ ನಗು ಉಳಿದಿತ್ತು.

ಅವನು ಕತ್ತಿ ಬಿಚ್ಚಿದ. ಬಿಸಿಲು ಅಲಗಿಗೆ ತಾಗಿ, ಬೆಳಕಿನ ತುಂಡೊಂದು ಅಂಜುಮಳ ಗಲ್ಲದ ಮೇಲೆ ಬಿದ್ದು, ನಿಲ್ಲಲಾರದೆ ಅತ್ತಿತ್ತ ಹೊರಳಾಡಿತು. ಎಲ್ಲರಿಗೂ ಅದು ಕಂಡಿತು. ಮಕ್ತುಮ್‌ಸಾಬ ಶಾಮಿಯಾನದ ಹಗ್ಗವನ್ನು ನೋಡಿದ. ಜಂಬಣ್ಣ ತಾನು ತಂದ ಒಳಲೆಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಲಾಲ್‌ಬೀಯ ಕೈ ಟವೆಲ್ಲಿನ ಮಡಿಕೆಯೊಳಗೆ ಹೋಯಿತು. ಕತ್ತಿ ಕೆಳಗಿಳಿಯಿತು, ಕೂಸಿನ ಹಣೆಯ ಮೇಲಿನ ಮೊದಲ ಕೂದಲಿಗೆ ಒಂದು ಬೆರಳಿನಷ್ಟು ದೂರದಲ್ಲಿತ್ತು, ಆಗ ಅಂಜುಮಳ ಮೈ ಹಿಂದಕ್ಕೆ ಸರಿಯಿತು. ಅವಳು ಸರಿಯಲಿಲ್ಲ, ಅವಳ ಮೈ ಸರಿಯಿತು. ತೊಡೆಯ ಮೇಲಿದ್ದ ಕೂಸು ಜೊತೆಗೇ ಹಿಂದೆ ಹೋಯಿತು. ಅವಳ ಬಲ ಅಂಗೈ ಬಂದು ಕೂಸಿನ ನೆತ್ತಿಯನ್ನು ಮುಚ್ಚಿಕೊಂಡಿತು. ಬೆರಳುಗಳು ಬಿಗಿದಿದ್ದವು. ಅವಳ ಮುಖದಲ್ಲಿ ನಗು ಇರಲಿಲ್ಲ. ಅಲ್ಲಿದ್ದುದು ಬರೀ ಭಯ, ತನ್ನಪ್ಪನ ಭಯ.

ಒಂದು ಕ್ಷಣ. ಮರುಕ್ಷಣವೇ ಅವಳು ತಾನು ಮಾಡಿದ್ದನ್ನು ಅರಿತು, ಕಣ್ಣು ತುಂಬಿಕೊಂಡು, ಕೈ ತೆಗೆದು, ಕೂಸನ್ನು ಮೊದಲಿನ ಜಾಗಕ್ಕೆ ತಂದು, ಅದರ ತಲೆಯನ್ನು ಕತ್ತಿಯ ಕಡೆಗೆ ಇನ್ನಷ್ಟು ಒಡ್ಡಿದಳು.

"ತಪ್ಪಾತು ಅಬ್ಬಾ," ಎಂದಳು, ಬೀಗರಿಗೂ ಕೇಳುವಂತೆ. "ನೀನ ಮಾಡು. ನೀನ ಮಾಡಬೇಕು."

ಜಿಲಾನಿಸಾಬ ಕತ್ತಿಯನ್ನು ಮಡಿಸಿದ. ಅದು ಒಂದೇ ಸಲಕ್ಕೆ ಮಡಿಸಿಕೊಳ್ಳಲಿಲ್ಲ. ಎಡಗೈಯಿಂದ ಮಗಳ ಅಂಗೈಯನ್ನು ಎತ್ತಿ ಮತ್ತೆ ಕೂಸಿನ ನೆತ್ತಿಯ ಮೇಲೆ, ಮೊದಲಿದ್ದಲ್ಲಿಯೇ ಇಟ್ಟ.

"ನಿನ್ನ ಕೈ ಅಲ್ಲೇ ಇರ್ಲಿ ಮಗಾ," ಎಂದ. "ತಗೀಬ್ಯಾಡ."

ಆಮೇಲೆ ಮಡಿಸಿದ ಕತ್ತಿಯನ್ನು ಬಲಗೈಯಲ್ಲೇ ಹಿಡಿದು, ತೋಳನ್ನು ಪೂರ್ತಿ ಚಾಚಿ, ಅವಳ ಹಿಂದೆ ನಿಂತಿದ್ದ ಅಮ್ಜದನ ಕಡೆಗೆ ನೀಡಿದ. ಅಮ್ಜದ್ ಕಟ್ಟಿದ್ದ ಕೈಗಳನ್ನು ಬಿಡಿಸಿದ, ಆದರೆ ಮುಂದೆ ಬರಲಾಗದೆ ನಿಂತ. ಕತ್ತಿ ಹಿಡಿದ ಕೈ ಅಂಗಳದ ನಡುವೆ, ಬಿಸಿಲಿನಲ್ಲಿ, ಹಾಗೆಯೇ ನಡುಗುತ್ತಿತ್ತು. ಈ ಸಲ ಎಲ್ಲರೂ ಅದನ್ನೇ ನೋಡುತ್ತಿದ್ದರು.